ಭೂಮಿ ಬಿಸಿ, ಹಸಿರು ಕರೆಂಟು: ಅನುಮಾನ ಇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ತು, ಹವಾಮಾನ ಅಂತ ಬರೆಯುವವರಿಗೆ ಮದುವೆ ಮನೆಯಲ್ಲೂ ನೆಮ್ಮದಿ ಇಲ್ಲ. ಪಂಕ್ತಿಯಲ್ಲಿ ಕೂತರೆ ಸಾಕು, ಪಕ್ಕದವರು "ಈ ಕ್ಲೈಮೇಟ್ ಚೇಂಜ್ ಎಲ್ಲ ನಿಜಾನಾ ಸಾರ್, ಇಲ್ಲಾ ಫಾರಿನ್‌ನವರ ಬಿಸಿನೆಸ್ಸಾ?" ಎಂದು ಶುರು ಮಾಡುತ್ತಾರೆ. ಹೋಳಿಗೆ ಬರುವಷ್ಟರಲ್ಲಿ ಮಾತು ಪಾವಗಡದ ಸೋಲಾರ್ ತಲುಪಿರುತ್ತದೆ. ಮಜ್ಜಿಗೆ ಹೊತ್ತಿಗೆ ಶರಾವತಿ. ಹಾಗೆ ಕೇಳಿಸಿಕೊಂಡ ಪ್ರಶ್ನೆಗಳೇ ಇವು.

ಮೊದಲು ಇದು ಹೇಳಿ. ನೀವು ನಂಬುವವರ ಪಾರ್ಟಿಯಾ, ನಂಬದವರ ಪಾರ್ಟಿಯಾ?

ಎರಡು ಬೇರೆ ಬೇರೆ ಅನುಮಾನಗಳನ್ನು ಒಂದೇ ಗಂಟು ಕಟ್ಟಿಟ್ಟಿದ್ದೇವೆ. ಅದನ್ನು ಬಿಚ್ಚಿಕೊಂಡು ಮಾತಾಡೋಣ. ಭೂಮಿ ಬಿಸಿಯಾಗುತ್ತಿದೆಯಾ, ನಾವು ಸುಡುವ ಕಲ್ಲಿದ್ದಲು, ಪೆಟ್ರೋಲೇ ಅದಕ್ಕೆ ಕಾರಣವಾ ಎಂದರೆ ಹೌದು. ಅದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕೆ ಮದ್ದು ಅಂತ ಸರ್ಕಾರಗಳೂ ಕಂಪನಿಗಳೂ ತರುವ ಯೋಜನೆಗಳೆಲ್ಲ ಸರಿಯಾ ಎಂದರೆ, ಅಲ್ಲಿ ಬೇಕಾದಷ್ಟು ಅನುಮಾನ ಇದೆ. ಜ್ವರ ಬಂದಿರುವುದು ನಿಜ ಅಂದಮಾತ್ರಕ್ಕೆ ಮೆಡಿಕಲ್ ಸ್ಟೋರ್‌ನವರು ಕೊಟ್ಟಿದ್ದನ್ನೆಲ್ಲ ನುಂಗಬೇಕಿಲ್ಲ. ಮಾತ್ರೆ ಮೇಲಿನ ಸಿಟ್ಟಿಗೆ ಥರ್ಮಾಮೀಟರ್ ಒಡೆಯುವುದೂ ಬೇಡ.

ಬರ, ನೆರೆ ಹಿಂದೆಯೂ ಇರಲಿಲ್ವಾ? ಆಗ ಕಾರು, ಫ್ಯಾಕ್ಟರಿ ಎಲ್ಲಿತ್ತು?

ಇತ್ತು. 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸೀಮೆಯ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಸತ್ತರು ಎಂದು ಅಂದಾಜು. ಅಷ್ಟು ದೊಡ್ಡ ಬರವನ್ನು ನಾವ್ಯಾರೂ ನೋಡಿಲ್ಲ. ಮಳೆ ಕೈಕೊಡುವುದು ಈ ನೆಲಕ್ಕೆ ಹೊಸದಲ್ಲ. ಹೊಸದು ಏನೆಂದರೆ ಅದರ ಕೆಳಗಿನ ಬಿಸಿಯ ಮಟ್ಟವೇ ಏರುತ್ತಿರುವುದು. ಬಾವಿಯ ನೀರು ಮೊದಲಿಂದಲೂ ಏರುತ್ತಿತ್ತು, ಇಳಿಯುತ್ತಿತ್ತು. ಈಗ ಬಾವಿಯ ತಳವೇ ಮೇಲೆ ಬರುತ್ತಿದೆ ಅಂದುಕೊಳ್ಳಿ.

ಸಾವಿನ ಲೆಕ್ಕದಲ್ಲಿ ನಿಮ್ಮ ಮಾತಿಗೆ ಇನ್ನೂ ಬಲ ಇದೆ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಸತ್ತವರು ನೂರರ ಒಳಗೆ. ಗಾಳಿ ಸೌಮ್ಯವಾಗಿದ್ದರಿಂದ ಅಲ್ಲ. ಮುನ್ಸೂಚನೆ ಸರಿಯಾಗಿ ಬಂತು, ಲಕ್ಷಾಂತರ ಜನರನ್ನು ಮೊದಲೇ ಎಬ್ಬಿಸಿ ಕಳಿಸಿದರು. ಈ ಗೆಲುವಿನ ಬಗ್ಗೆ ಭಯದ ಭಾಷಣ ಮಾಡುವವರು ಯಾಕೋ ಜಾಸ್ತಿ ಮಾತಾಡುವುದಿಲ್ಲ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರೋದೇ ಶೇಕಡ 0.04. ಅದರಿಂದ ಏನಾಗುತ್ತೆ?

ಕಡಿಮೆ ಇದ್ದರೆ ಕೆಲಸ ಮಾಡುವುದಿಲ್ಲ ಎನ್ನುವ ಹಾಗಿದ್ದರೆ ಅಡುಗೆಗೆ ಇಂಗು ಯಾರೂ ಹಾಕುತ್ತಿರಲಿಲ್ಲ. ಗಾಳಿಯಲ್ಲಿ ಜಾಸ್ತಿ ಇರುವ ಸಾರಜನಕ, ಆಮ್ಲಜನಕ ಎರಡೂ ಭೂಮಿಯಿಂದ ಹೊರಡುವ ಶಾಖವನ್ನು ತಡೆಯುವುದಿಲ್ಲ. ಈ ಚೂರು ಅನಿಲ ತಡೆಯುತ್ತದೆ. ಐರ್ಲೆಂಡಿನ ಜಾನ್ ಟಿಂಡಾಲ್ ಇದನ್ನು 1859ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ಆಗ ಹಸಿರು ಲಾಬಿ ಇರಲಿಲ್ಲ, ಸೋಲಾರ್ ಕಂಪನಿಯೂ ಇರಲಿಲ್ಲ. ಕೈಗಾರಿಕೆ ಶುರುವಾಗುವ ಮುಂಚೆ ಹತ್ತು ಲಕ್ಷದಲ್ಲಿ ಸುಮಾರು 280 ಭಾಗ ಇದ್ದದ್ದು ಈಗ 420 ದಾಟಿದೆ. ಅರ್ಧದಷ್ಟು ಜಾಸ್ತಿಯಾಗಿದೆ.

ಸೂರ್ಯನೇ ಬಿಸಿಯಾಗಿರಬಹುದಲ್ವಾ?

ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳು ಮೊದಲು ನೋಡಿದ್ದೂ ಅದನ್ನೇ. 1978ರಿಂದ ಉಪಗ್ರಹಗಳು ಸೂರ್ಯನ ಶಾಖ ಅಳೆಯುತ್ತಿವೆ. ಹನ್ನೊಂದು ವರ್ಷಕ್ಕೊಮ್ಮೆ ಚೂರು ಏರಿ ಇಳಿಯುತ್ತದೆ, ಅಷ್ಟೇ. ಇನ್ನೊಂದು ಗುರುತು ಇದೆ. ಸೂರ್ಯ ಕಾರಣವಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೆ ಬಿಸಿಯಾಗಬೇಕಿತ್ತು. ಆದರೆ ನೆಲದ ಹತ್ತಿರ ಬಿಸಿ ಏರುತ್ತಿದ್ದರೆ ತುಂಬಾ ಮೇಲಿನ ಪದರ ತಣ್ಣಗಾಗುತ್ತಿದೆ. ಕಂಬಳಿ ಹೊದ್ದವನಿಗೆ ಒಳಗೆ ಸೆಕೆ, ಕಂಬಳಿಯ ಹೊರಗೆ ತಣ್ಣಗೆ. ಹಾಗೆ.

ಇವರು ಹೇಳಿದ ಭವಿಷ್ಯ ಎಷ್ಟು ಸುಳ್ಳಾಗಿಲ್ಲ? ಹಿಮಾಲಯ ಕರಗಿಹೋಗುತ್ತೆ ಅಂದಿದ್ರಲ್ಲ?

ಅಂದಿದ್ದರು, ಅದು ತಪ್ಪೇ. ಈ ಕತೆ ಪೂರ್ತಿ ತಿಳಿದರೆ ಎರಡೂ ಕಡೆಯವರಿಗೆ ಒಳ್ಳೆಯದು.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗುವ ಸಂಭವ ತುಂಬಾ ಇದೆ ಎಂದು ಬರೆಯಿತು. ಆಧಾರ ಯಾವುದೋ ಸಂಶೋಧನೆ ಅಲ್ಲ. ಒಂದು ಪರಿಸರ ಸಂಸ್ಥೆಯ ವರದಿ. ಅದಕ್ಕೂ ಹಿಂದೆ ಹೋದರೆ ಸಿಗುವುದು 1999ರ ಒಂದು ಪತ್ರಿಕಾ ಸಂದರ್ಶನ! 2009ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಿಂದ ನಿವೃತ್ತರಾಗಿದ್ದ ವಿ.ಕೆ. ರೈನಾ ಅವರ ವರದಿಯನ್ನು ಕೇಂದ್ರ ಪರಿಸರ ಸಚಿವಾಲಯ ಹೊರತಂದಿತು. ಹಾಗೆ ಭರದಿಂದ ಕರಗುತ್ತಿರುವುದಕ್ಕೆ ಪುರಾವೆ ಇಲ್ಲ ಅಂತ ಅದರಲ್ಲಿತ್ತು. ಆಗ ಸಚಿವರಾಗಿದ್ದವರು ಜೈರಾಂ ರಮೇಶ್, ನಮ್ಮ ಚಿಕ್ಕಮಗಳೂರಲ್ಲಿ ಹುಟ್ಟಿದವರು. ಐಪಿಸಿಸಿ ಮುಖ್ಯಸ್ಥ ರಾಜೇಂದ್ರ ಪಚೌರಿ ಆ ವರದಿಯನ್ನು ಮಾಟಮಂತ್ರದ ವಿಜ್ಞಾನ ಅಂತ ಗೇಲಿ ಮಾಡಿದರು. ಎರಡೇ ತಿಂಗಳಲ್ಲಿ, 2010ರ ಜನವರಿಯಲ್ಲಿ, ಐಪಿಸಿಸಿಯೇ ವಿಷಾದ ವ್ಯಕ್ತಪಡಿಸಬೇಕಾಯಿತು.

ಅನುಮಾನ ಪಟ್ಟವರು ಅಲ್ಲಿ ಸರಿ. ಗೇಲಿ ಮಾಡಿದವರು ತಪ್ಪು. ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. ಹಿಮಾಲಯದ ಹಿಮ ಕರಗುತ್ತಿರುವುದು ನಿಜವೇ. ಕಠ್ಮಂಡುವಿನಲ್ಲಿರುವ ಪರ್ವತ ಅಧ್ಯಯನ ಸಂಸ್ಥೆ ಐಸಿಮೋಡ್ 2023ರಲ್ಲಿ ಹೇಳಿದ ಪ್ರಕಾರ, 2011ರಿಂದ 2020ರ ನಡುವೆ ಕರಗುವ ವೇಗ ಅದರ ಹಿಂದಿನ ದಶಕಕ್ಕಿಂತ ಶೇ 65ರಷ್ಟು ಹೆಚ್ಚಿತ್ತು. ತಪ್ಪಾಗಿದ್ದು ಇಸವಿ, ದಿಕ್ಕಲ್ಲ. ವಾಟ್ಸಾಪಿನಲ್ಲಿ ಈ ಕತೆಯ ಮೊದಲ ಅರ್ಧ ಮಾತ್ರ ಓಡಾಡುತ್ತದೆ.

ನೊಬೆಲ್ ಪಡೆದ ವಿಜ್ಞಾನಿಗಳೇ "ಹವಾಮಾನ ತುರ್ತು ಅನ್ನೋದು ಇಲ್ಲ" ಅಂತ ಸಹಿ ಹಾಕಿದ್ದಾರಂತೆ?

ಹಾಕಿದ್ದಾರೆ. 2019ರಲ್ಲಿ ನೆದರ್‌ಲೆಂಡ್ಸ್‌ನ ಕ್ಲಿಂಟೆಲ್ ಎಂಬ ಗುಂಪು ಶುರು ಮಾಡಿದ ಹೇಳಿಕೆ ಅದು. ಭೌತಶಾಸ್ತ್ರಕ್ಕೆ ನೊಬೆಲ್ ಬಂದ ಐವರ್ ಗಿಯವರ್, ಜಾನ್ ಕ್ಲೌಸರ್ ಇಬ್ಬರ ಹೆಸರೂ ಇದೆ. ಇಬ್ಬರಿಗೂ ಪ್ರಶಸ್ತಿ ಬಂದದ್ದು ಹವಾಮಾನದ ಕೆಲಸಕ್ಕಲ್ಲ. ಹೃದಯದ ಡಾಕ್ಟರ್ ಎಷ್ಟೇ ದೊಡ್ಡವರಾದರೂ ಹಲ್ಲು ನೋವಿಗೆ ಅವರ ಹತ್ತಿರ ಹೋಗುತ್ತೇವಾ?

ವಿಷಯ ಗೊತ್ತಿದ್ದೇ ಅನುಮಾನ ಪಡುವವರೂ ಇದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಹವಾಮಾನ ವಿಜ್ಞಾನಿ ರಿಚರ್ಡ್ ಲಿಂಡ್ಜೆನ್ ಅಂಥವರು. ಬಿಸಿಯಾಗುತ್ತದೆ, ಆದರೆ ಹೇಳುವಷ್ಟಲ್ಲ ಅನ್ನುವುದು ಅವರ ವಾದ. ನಿಜವಾದ ಜಗಳ ಇರುವುದೂ ಆ "ಎಷ್ಟು" ಎನ್ನುವುದರಲ್ಲೇ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿ 1.5ರಿಂದ 4.5 ಡಿಗ್ರಿ ಬಿಸಿಯಾಗಬಹುದು ಅಂತ 1979ರಲ್ಲಿ ಅಂದಾಜು ಮಾಡಿದ್ದರು. 2021ರ ಐಪಿಸಿಸಿ ವರದಿ ಅದನ್ನು 2.5ರಿಂದ 4ಕ್ಕೆ ಕಿರಿದು ಮಾಡಿತು. ಕೆಳಗಿನ ತುದಿ ಮೇಲೆ ಬಂತು, ಮೇಲಿನ ತುದಿಯೂ ಚೂರು ಇಳಿಯಿತು.

ಹಾಗಾದ್ರೆ "ತುರ್ತು ಪರಿಸ್ಥಿತಿ" ಅನ್ನೋದು ಸರೀನಾ?

ನನಗೆ ಆ ಪದ ಹಿಡಿಸುವುದಿಲ್ಲ. ಅದು ವಿಜ್ಞಾನದ ಅಳತೆಯಲ್ಲ, ರಾಜಕೀಯದ ಪದ. ಬ್ರಿಟನ್ ಸಂಸತ್ತು 2019ರ ಮೇ 1ರಂದು ಅದನ್ನು ಘೋಷಿಸಿತು. ಆಮೇಲೆ ಊರೂರು, ಯೂನಿವರ್ಸಿಟಿಗಳು ಘೋಷಿಸುತ್ತಾ ಹೋದವು. ನಮ್ಮಲ್ಲಿ ತುರ್ತು ಪರಿಸ್ಥಿತಿ ಅಂದರೆ ಹಿರಿಯರಿಗೆ ನೆನಪಾಗುವುದು 1975. ಪ್ರಶ್ನೆ ಕೇಳಬೇಡ, ಹೇಳಿದ್ದು ಮಾಡು ಎನ್ನುವ ಕಾಲ.

ಪದಕ್ಕೆ ಇಷ್ಟು ಯಾಕೆ ತಲೆಕೆಡಿಸಿಕೊಳ್ಳಬೇಕು ಅಂತೀರಾ? ತುರ್ತು ಎಂದಾಗ ಮೊದಲು ಬಿಟ್ಟುಹೋಗುವುದು ಪರಿಶೀಲನೆ. ನಮ್ಮ ದೇಶದಲ್ಲಿ ಕಲ್ಲಿದ್ದಲು ಸ್ಥಾವರಕ್ಕೆ ಪರಿಸರ ಪರಿಣಾಮದ ಅಧ್ಯಯನ ಬೇಕು, ಜನರ ಅಹವಾಲು ಸಭೆ ನಡೆಯಬೇಕು. ಸಾವಿರಾರು ಎಕರೆಯ ಸೋಲಾರ್ ಪಾರ್ಕಿಗೆ 2006ರ ಆ ನಿಯಮದಿಂದ ವಿನಾಯ್ತಿ ಇದೆ. ಹೊಗೆ ಬರುವುದಿಲ್ಲ, ಹಾಗಾಗಿ ಪರಿಣಾಮವೂ ಇಲ್ಲ ಎಂಬ ಲೆಕ್ಕ. ನೆಲದ ಮೇಲೆ ಬದುಕುವ ಕುರಿಗಾಹಿ ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ.

ಬೆಂಗಳೂರು ಮುಳುಗಿದ್ದು ಕ್ಲೈಮೇಟ್ ಚೇಂಜ್‌ನಿಂದ ಅಂತಾರಲ್ಲ?

2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆಯಾ? ಮಳೆ ಜೋರಾಗಿತ್ತು, ನಿಜ. ಆದರೆ ನೀರು ಹೋಗಬೇಕಿದ್ದ ರಾಜಕಾಲುವೆ ಎಲ್ಲಿತ್ತು? ಕೆರೆಯ ಅಂಗಳದಲ್ಲಿ ಲೇಔಟ್ ಮಾಡಲು ಪರ್ಮಿಶನ್ ಕೊಟ್ಟಿದ್ದು ಹವಾಮಾನ ಅಲ್ಲ. ಬಿಸಿಯಾಗುತ್ತಿರುವ ಭೂಮಿಯಲ್ಲಿ ಮಳೆ ಒಮ್ಮೆಲೇ ಸುರಿಯುವುದು ಜಾಸ್ತಿಯಾಗುತ್ತದೆ, ಅದು ಸರಿ. ಆದರೆ ಎಲ್ಲದಕ್ಕೂ ಹವಾಮಾನ ಬದಲಾವಣೆ ಅಂದುಬಿಟ್ಟರೆ ಒತ್ತುವರಿ ಮಾಡಿದವರಿಗೆ ಅದಕ್ಕಿಂತ ಒಳ್ಳೆಯ ವಕೀಲ ಸಿಗುವುದಿಲ್ಲ.

ಭಾರತ ಅಷ್ಟೇನೂ ಬಿಸಿಯಾಗಿಲ್ಲವಂತೆ?

ಜಗತ್ತಿನ ಸರಾಸರಿಗಿಂತ ಕಡಿಮೆ, ಹೌದು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ. ಇದು ಸಮಾಧಾನದ ಸುದ್ದಿಯಲ್ಲ. ನಮ್ಮ ಗಾಳಿಯಲ್ಲಿನ ಹೊಗೆ, ಧೂಳು ಬಿಸಿಲನ್ನು ಚೂರು ತಡೆಯುತ್ತಿದೆ. ಗಾಳಿ ಶುಚಿಯಾದಷ್ಟೂ ಮುಚ್ಚಿಟ್ಟ ಬಿಸಿ ಹೊರಬರುತ್ತದೆ.

ಸೋಲಾರ್ ಕರೆಂಟು ಅಗ್ಗ ಅಂತಾರೆ. ಮತ್ತೆ ನನ್ನ ಬಿಲ್ ಯಾಕೆ ಇಳಿದಿಲ್ಲ?

ಇದು ನನಗೆ ಇಷ್ಟದ ಪ್ರಶ್ನೆ. ಯಾಕೆಂದರೆ ಇಲ್ಲಿ ಎರಡೂ ಮಾತು ನಿಜ. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಯೂನಿಟ್ಟಿಗೆ 1 ರೂಪಾಯಿ 99 ಪೈಸೆ ದರ ಬಂತು. ಕಲ್ಲಿದ್ದಲಿಗೆ ಆ ದರ ಕನಸು. ಆದರೆ ಅದು ಬಿಸಿಲಿದ್ದಾಗಿನ ದರ. ನೀವು ಸಂಜೆ ಏಳಕ್ಕೆ ಮಿಕ್ಸಿ, ಟಿವಿ, ಗೀಸರ್ ಹಾಕುತ್ತೀರಿ. ಆಗ ಸೂರ್ಯ ಮನೆಗೆ ಹೋಗಿರುತ್ತಾನೆ.

ಹಾಗಾಗಿ ಸೋಲಾರ್ ಎಷ್ಟೇ ಬಂದರೂ ರಾಯಚೂರು, ಬಳ್ಳಾರಿಯ ಥರ್ಮಲ್ ಘಟಕಗಳನ್ನು ಮುಚ್ಚುವ ಹಾಗಿಲ್ಲ. ಹಗಲು ತಗ್ಗಿಸಿ ಓಡಿಸಬೇಕು, ಸಂಜೆ ಏರಿಸಬೇಕು. ಓಡಲಿ ಬಿಡಲಿ, ಅವಕ್ಕೆ ನಿಗದಿ ಶುಲ್ಕ ಕಟ್ಟಲೇಬೇಕು. ಮೇಲೆ ಹೊಸ ಲೈನು, ಹೊಸ ಸಬ್‌ಸ್ಟೇಷನ್ನು. ಇದೆಲ್ಲ ಸೇರಿ ನಿಮ್ಮ ಬಿಲ್ಲು. ಹರಾಜಿನ ದರವನ್ನು ಮಾತ್ರ ತೋರಿಸುವುದು ತರಕಾರಿ ರೇಟು ಹೇಳಿ ಊಟದ ಬಿಲ್ ಮುಚ್ಚಿಟ್ಟ ಹಾಗೆ.

ಇನ್ನೊಂದು ಚಾಲಾಕಿ ಅಂಕಿ ಇದೆ. 2025ರ ಜೂನ್ ಹೊತ್ತಿಗೆ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಕಲ್ಲಿದ್ದಲು, ಅನಿಲದ್ದಲ್ಲ ಅಂತ ಸಂಭ್ರಮ ಆಯಿತು. ಸುಳ್ಳಲ್ಲ. ಆದರೆ ಅದು ಸಾಮರ್ಥ್ಯ, ಉತ್ಪಾದನೆ ಅಲ್ಲ. ದೇಶದಲ್ಲಿ ತಯಾರಾಗುವ ಹತ್ತು ಯೂನಿಟ್‌ನಲ್ಲಿ ಸುಮಾರು ಏಳು ಈಗಲೂ ಕಲ್ಲಿದ್ದಲಿನದ್ದೇ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್, ರಾಯಚೂರಿನ ಶಕ್ತಿನಗರದ ಥರ್ಮಲ್ ಸ್ಥಾವರ 1,720 ಮೆಗಾವಾಟ್. ಕಾಗದದಲ್ಲಿ ಪಾವಗಡ ದೊಡ್ಡದು. ಆದರೆ ರಾತ್ರಿ, ಮೋಡ ಎಲ್ಲ ಕಳೆದರೆ ವರ್ಷದ ಸರಾಸರಿಯಲ್ಲಿ ಸೋಲಾರ್ ಕೊಡುವುದು ಅದರ ಸಾಮರ್ಥ್ಯದ ನಾಲ್ಕನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ.

ಪಾವಗಡದ ರೈತರಿಗೆ ಲಾಭ ಆಯ್ತಾ, ಮೋಸ ಆಯ್ತಾ?

ಯಾವ ರೈತರು ಅಂತ ಕೇಳಬೇಕು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು. ಈ ಐದು ಊರುಗಳ ಸುತ್ತ ಸುಮಾರು 13 ಸಾವಿರ ಎಕರೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಾ ಕೂರುವ ಭೂಮಿ. ಇಲ್ಲಿ ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಇರುತ್ತದೆ. ಭೂಸ್ವಾಧೀನದ ಇತಿಹಾಸ ನೋಡಿದರೆ ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಹತ್ತು ಎಕರೆ ಇದ್ದವನಿಗೆ ಮಳೆ ಬರಲಿ ಬಿಡಲಿ ವರ್ಷಕ್ಕೆ ಎರಡು ಲಕ್ಷ.

ಆದರೆ ಲೆಕ್ಕ ಹಾಕಿ ನೋಡಿ. ಎರಡು ವರ್ಷಕ್ಕೆ ಶೇ 5 ಅಂದರೆ ವರ್ಷಕ್ಕೆ ಎರಡೂವರೆ. ದಿನಸಿ ಬೆಲೆ ಹಾಗೆ ಏರುತ್ತದಾ? ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೂ, 25ನೇ ವರ್ಷಕ್ಕೆ ಬರುವ ಬಾಡಿಗೆಯ ಬೆಲೆ ಮೊದಲ ವರ್ಷದ ಲೆಕ್ಕದಲ್ಲಿ ಹನ್ನೊಂದೂವರೆ ಸಾವಿರ ಚಿಲ್ಲರೆ. ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಸಹಿ ಹಾಕುವಾಗ ಈ ಲೆಕ್ಕವನ್ನು ಯಾರಾದರೂ ರೈತರ ಮುಂದೆ ಬಿಡಿಸಿ ಇಟ್ಟಿದ್ದರಾ ಎಂಬುದು ನನ್ನ ಪ್ರಶ್ನೆ.

ಜಮೀನೇ ಇಲ್ಲದವರ ಕತೆ ಬೇರೆ. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಕೂಲಿ ಹೋಯಿತು. ಕುರಿ ಮೇಕೆಯವರಿಗೆ ಬಯಲು ಹೋಯಿತು, ಬೇಲಿ ಬಂತು. ಬಾಡಿಗೆಯಲ್ಲಿ ಇವರಿಗೆ ಒಂದು ರೂಪಾಯಿಯೂ ಇಲ್ಲ. ಸಿಕ್ಕ ಕೆಲಸ ಸೆಕ್ಯೂರಿಟಿ, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು. ಅದೂ ಎಲ್ಲರಿಗೂ ಅಲ್ಲ. ಸೂರ್ಯನ ಬಿಸಿಲಿಗೆ ಬಾಡಿಗೆ ಬರುತ್ತದೆ, ಆದರೆ ಪಹಣಿ ಇದ್ದವರಿಗೆ ಮಾತ್ರ.

ಸೋಲಾರ್ ಬಂದ ಮೇಲೆ ಮಳೆ ಹೋಯ್ತು ಅಂತಾರೆ. ನಿಜವಾ?

ಅಲ್ಲ. ಪ್ಯಾನೆಲ್‌ಗಳ ಹತ್ತಿರ ಗಾಳಿ ಚೂರು ಬಿಸಿಯಾಗಬಹುದು, ಅದನ್ನು ಬೇರೆ ದೇಶಗಳಲ್ಲಿ ಅಳೆದಿದ್ದಾರೆ. ಆದರೆ ಮುಂಗಾರನ್ನು ತಿರುಗಿಸುವ ತಾಕತ್ತು 13 ಸಾವಿರ ಎಕರೆಗೆ ಇಲ್ಲ. ಪಾವಗಡ ಬರಪೀಡಿತ ಪಟ್ಟಿಯಲ್ಲಿ ಖಾಯಂ ಆಗಿದ್ದು ಸೋಲಾರ್ ಬರುವ ದಶಕಗಳ ಮೊದಲೇ.

ಶರಾವತಿ ಪಂಪ್ಡ್ ಸ್ಟೋರೇಜ್ ಯಾಕೆ ಬೇಕು? ಕರೆಂಟ್ ಖರ್ಚು ಮಾಡಿ ಕರೆಂಟ್ ಮಾಡೋದಂತೆ!

ಕೇಳಲು ತಮಾಷೆ, ಆದರೆ ಯೋಚನೆ ಸುಳ್ಳಲ್ಲ. ಮಧ್ಯಾಹ್ನ ಸೋಲಾರ್ ಕರೆಂಟು ಮಿಕ್ಕುತ್ತದೆ. ಆಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡುವುದು. ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವುದು. ನೂರು ಯೂನಿಟ್ ಖರ್ಚು ಮಾಡಿದರೆ ವಾಪಸ್ ಬರುವುದು 75ರಿಂದ 80. ಬ್ಯಾಟರಿಯಲ್ಲೂ ಸ್ವಲ್ಪ ನಷ್ಟ ಇದ್ದೇ ಇದೆ. ಹಾಗಾಗಿ ನಷ್ಟ ಅನ್ನುವುದೇ ದೊಡ್ಡ ಆಕ್ಷೇಪ ಅಲ್ಲ.

ನನ್ನ ಆಕ್ಷೇಪ ಜಾಗದ ಬಗ್ಗೆ. ಇದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಒಳಗೆ ಬರುತ್ತದೆ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಕಾಡಿನ ನಡುವೆ ರಸ್ತೆ ಸೀಳಿದರೆ ಅದಕ್ಕೆ ಅದು ಗೋಡೆ. ಸುರಂಗ, ಸ್ಫೋಟ, ಮಣ್ಣು ಸಾಗಣೆ ಬೇರೆ. ಅದೂ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಸೀಮೆಯಲ್ಲಿ.

ಮಲೆನಾಡಿನವರು ಸಿಟ್ಟಾಗುವುದಕ್ಕೆ ಹಳೆಯ ಕಾರಣವೂ ಇದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗಲೂ ಅದು ನಾಡಿಗೆ ಬೆಳಕು ಕೊಡುವ, ಹೊಗೆಯಿಲ್ಲದ ಯೋಜನೆಯೇ. ಊರು, ಗದ್ದೆ, ದೇವಸ್ಥಾನ ಬಿಟ್ಟು ಲಾರಿ ಹತ್ತಿದವರ ಮೊಮ್ಮಕ್ಕಳು ಇವತ್ತಿಗೂ ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಅವರಿಗೆ "ಹಸಿರು" ಅಂದರೆ ಹೇಗೆ ಕೇಳಿಸಬೇಕು? ಇವರನ್ನು ಅಭಿವೃದ್ಧಿ ವಿರೋಧಿಗಳು ಅನ್ನುವವರು ಒಮ್ಮೆ ಸಿಗಂದೂರಿನ ಕಡೆಯ ಹಿನ್ನೀರಿನ ಊರುಗಳಲ್ಲಿ ಎರಡು ದಿನ ಇದ್ದು ಬರಲಿ.

ಹಂಗಾದ್ರೆ ಕಲ್ಲಿದ್ದಲೇ ಸಾಕಲ್ವಾ?

ಶಕ್ತಿನಗರದ ಸುತ್ತಲಿನವರನ್ನು ಕೇಳಿ. ಒಣಹಾಕಿದ ಬಟ್ಟೆ ಮೇಲೆ ಬೂದಿ, ಮೇವಿನ ಮೇಲೆ ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗ ಬೂದಿಯೇ. ಉಡುಪಿಯ ಯೆಲ್ಲೂರಿನಲ್ಲಿ ಥರ್ಮಲ್ ಘಟಕ ಬಂದ ಮೇಲೆ ಸುತ್ತಲಿನ ಊರಿನವರು ವರ್ಷಗಟ್ಟಲೆ ಕೋರ್ಟು ಅಲೆದರು. ಕಲ್ಲಿದ್ದಲು ಬಿಟ್ಟು ನಾಳೆಯೇ ಬದುಕಲು ಆಗುವುದಿಲ್ಲ. ದೇಶ ಈಗ ವರ್ಷಕ್ಕೆ ನೂರು ಕೋಟಿ ಟನ್‌ಗಿಂತ ಜಾಸ್ತಿ ಕಲ್ಲಿದ್ದಲು ತೆಗೆಯುತ್ತಿದೆ, ಇನ್ನೂ ಹೊಸ ಘಟಕ ಕಟ್ಟುತ್ತಿದೆ. ಆದರೆ ಸೋಲಾರಿನ ತಪ್ಪು ಎಣಿಸುವಾಗ ಈ ಬೂದಿಯನ್ನೂ ತಕ್ಕಡಿಗೆ ಹಾಕಬೇಕು.

ಎಥನಾಲ್ ಪೆಟ್ರೋಲ್ ಪರಿಸರಕ್ಕೆ ಒಳ್ಳೇದಾ? ನನ್ನ ಬೈಕ್ ಮೈಲೇಜ್ ಬಿದ್ದಿದೆ.

ಬಿದ್ದೇ ಬೀಳುತ್ತದೆ. ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಶೇ 20 ಬೆರೆಸಿದರೆ ಲೆಕ್ಕ ನೀವೇ ಹಾಕಿ. ತೈಲ ಆಮದು ಕಡಿಮೆ ಆಗುತ್ತದೆ, ಎಥನಾಲ್ ಕಬ್ಬಿನಿಂದಲೂ ಬರುವುದರಿಂದ ಕಬ್ಬು ಬೆಳೆಗಾರರ ಬಾಕಿಗೆ ದುಡ್ಡು ಸಿಗುತ್ತದೆ. ಇವು ನಿಜವಾದ ಲಾಭ. ಆದರೆ ನೀರು ಕುಡಿಯುವ ಕಬ್ಬಿಗೆ "ಹಸಿರು" ಎಂಬ ಚೀಟಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ರೈತರ ಯೋಜನೆ ಅಂತಲೇ ಹೇಳಿ, ಯಾರು ಬೇಡ ಅಂದರು?

ಬೀಜದಿಂದ ಎಣ್ಣೆ ತೆಗೆಯುವ ಜಟ್ರೋಪಾ ಗಿಡ ನೆನಪಿದೆಯಾ? 2003ರಲ್ಲಿ ಬಂಜರು ಭೂಮಿಯಲ್ಲಿ ಅದನ್ನು ಬೆಳೆದು 2011-12ರ ಹೊತ್ತಿಗೆ ಡೀಸೆಲ್‌ಗೆ ಶೇ 20 ಬೆರೆಸುತ್ತೇವೆ ಅಂದಿದ್ದರು. ಮೇಕೆಯೂ ಮುಟ್ಟದ ಗಿಡ ಅಂತ ಹೊಗಳಿದ್ದೇ ಹೊಗಳಿದ್ದು. ನೀರು, ಗೊಬ್ಬರ ಇಲ್ಲದೆ ಅದು ಕಾಯಿಯನ್ನೇ ಸರಿಯಾಗಿ ಬಿಡಲಿಲ್ಲ. ಈಗ ಅದು ಹೊಲದ ಬೇಲಿಯಾಗಿ ನಿಂತಿದೆ.

ಸುಟ್ಟವರು ಅಮೆರಿಕ, ಯುರೋಪಿನವರು. ದಂಡ ನಾವ್ಯಾಕೆ ಕಟ್ಟಬೇಕು?

ಈ ಸಿಟ್ಟು ಪೂರ್ತಿ ನ್ಯಾಯ. ಭಾರತದವರು ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಅಮೆರಿಕದವರು ಸುಮಾರು 14. ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್ ಕೊಡುತ್ತೇವೆ ಅಂತ 2009ರಲ್ಲಿ ಮಾತು ಕೊಟ್ಟು, ಮುಟ್ಟಿಸಿದ್ದು 2022ಕ್ಕೆ. ಅದರಲ್ಲೂ ಬಹುಪಾಲು ಸಾಲ! ಈಗ ಯುರೋಪು ಹೊರಗಿನಿಂದ ಬರುವ ಉಕ್ಕು, ಸಿಮೆಂಟು, ಅಲ್ಯೂಮಿನಿಯಂ ಮೇಲೆ ಇಂಗಾಲದ ಸುಂಕ ಹಾಕುತ್ತಿದೆ. ಬಳ್ಳಾರಿ ಸೀಮೆಯ ಉಕ್ಕಿಗೂ ಅದು ತಟ್ಟುತ್ತದೆ.

ಆದರೆ ಬಿಸಿ ಯಾರ ಹೊಗೆಯದು ಅಂತ ನೋಡಿ ಬರುವುದಿಲ್ಲ. ಮಧ್ಯಾಹ್ನ ಹೊಲದಲ್ಲಿ ದುಡಿಯುವವರು ಲಂಡನ್ನಿಗಿಂತ ಕಲಬುರಗಿಯಲ್ಲಿ ಜಾಸ್ತಿ.

ಜರ್ಮನಿ ಹಸಿರು ಅಂತ ಹೋಗಿ ಕೆಟ್ಟಿತಂತೆ?

ಪೂರ್ತಿ ಕೆಡಲಿಲ್ಲ, ಒಂದು ದೊಡ್ಡ ಎಡವಟ್ಟು ಮಾಡಿಕೊಂಡಿತು. ಹೊಗೆ ಬಿಡದ ಅಣು ಸ್ಥಾವರಗಳಲ್ಲಿ ಕೊನೆಯ ಮೂರನ್ನು 2023ರ ಏಪ್ರಿಲ್ 15ರಂದು ಮುಚ್ಚಿತು, ಕಲ್ಲಿದ್ದಲಿಗೆ 2038ರವರೆಗೂ ಗಡುವು ಇಟ್ಟುಕೊಂಡಿತು. ಕ್ರಮ ತಿರುಗಾಮುರುಗಾ ಆಯಿತು.

ಹಳೇ ಪ್ಯಾನೆಲ್ ಏನ್ಮಾಡ್ತಾರೆ?

ಸದ್ಯಕ್ಕೆ, ಕೂಡಿಡುತ್ತಾರೆ. 2022ರ ಇ-ತ್ಯಾಜ್ಯ ನಿಯಮದಲ್ಲಿ ಪ್ಯಾನೆಲ್ ಸೇರಿದೆ. ತಯಾರಕರು 2034-35ರವರೆಗೆ ಅದನ್ನು ಸಂಗ್ರಹಿಸಿ ಇಡಬೇಕು. ಆಮೇಲಿನದು ಆಮೇಲೆ ಎಂಬ ಧಾಟಿ.

ಇಷ್ಟೆಲ್ಲ ಹೇಳಿದ್ರಿ. ನಾನು ಮನೆ ಮೇಲೆ ಸೋಲಾರ್ ಹಾಕಿಸ್ಲಾ, ಬೇಡ್ವಾ?

ನಿಮ್ಮ ಮೀಟರ್ ನೋಡಿ. ತಿಂಗಳಿಗೆ ನೂರು ಯೂನಿಟ್ ಸುಡುವವರಿಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರುವುದಿಲ್ಲ, ಸೋಲಾರ್ ಹಾಕಿಸಿ ಉಳಿಸುವುದು ಏನನ್ನು? ಮೂರು ನಾಲ್ಕು ನೂರು ಯೂನಿಟ್ ಸುಡುವವರಾದರೆ ಲೆಕ್ಕ ಕೂಡಿಬರುತ್ತದೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78 ಸಾವಿರ ಸಬ್ಸಿಡಿ ಇದೆ. ತಾರಸಿ ಮೇಲೆ ಹಾಕಿದರೆ ಯಾವ ಕುರಿಗಾಹಿಯ ಬಯಲೂ ಹೋಗುವುದಿಲ್ಲ, ಅದಕ್ಕೇ ನನಗೆ ಇದು ಇಷ್ಟ.

ಒಂದು ವಿಷಯ ಮೊದಲೇ ಕೇಳಿಕೊಳ್ಳಿ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ಆಫ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ನಮ್ಮ ಮನೆಗೆ ಹಾಕಿದವರು ಇದನ್ನು ಹೇಳಲೇ ಇಲ್ಲ. ಮೊದಲ ಸಲ ಮಟಮಟ ಮಧ್ಯಾಹ್ನ ಫ್ಯಾನ್ ನಿಂತಾಗ ನಮ್ಮಮ್ಮ ತಾರಸಿಯ ಕಡೆ ಕೈ ತೋರಿಸಿ, "ಅಷ್ಟು ಬಿಸಿಲಿದೆಯಲ್ಲೋ, ಇದಕ್ಕೇನು ಬಂತು?" ಎಂದು ಕೇಳಿದರು. ಹದಿನೈದು ನಿಮಿಷ ವಿವರಿಸಿದೆ. ಅಷ್ಟರಲ್ಲಿ ಕರೆಂಟ್ ಬಂತು.